ಹಿಮಾಲಯದಲ್ಲಿ ಬೇಯದ ಹಿಟ್ಟು

ನನ್ನ ಯಜಮಾನರ ಅಣ್ಣ, ನಮ್ಮ ಭಾವ, ಲಡಾಖಿಗೆ ಹೊರಡುವಾಗ ಪಂಚೆಗಳ ನಡುವೆ ಒಂದು ಗಂಟು ರಾಗಿ ಹಿಟ್ಟನ್ನೂ ಮುದ್ದೆ ತಿರುವುವ ಕೋಲನ್ನೂ ಇಟ್ಟು ಕಟ್ಟಿದರು. ಉಣ್ಣೆಯ ಕೈಗವಸು, ದಪ್ಪ ಕೋಟು ಯಾವುದೂ ಬೇಡವೆಂದರು. ಮದ್ದೂರಿನ ಚಳಿಗೆ ಆಗಿಬಂದ ಮಂಕಿ ಟೋಪಿ ಹಿಮಾಲಯಕ್ಕೂ ಆಗಿಬರಬೇಕಂತೆ.

ನಾನು ಏಳನೇ ತರಗತಿಯ ಭೂಪಟದಲ್ಲಿ ಆ ಕಂದು ಪಟ್ಟಿಯ ಮೇಲೆ ಬೆರಳಾಡಿಸಿದ್ದವಳು. ಮೂರು ದಶಕ ಕಾದು ಹೊರಟಿದ್ದೆ. ನನಗೆ ಬೇಕಾಗಿದ್ದದ್ದು ಒಂದೇ, ಐದನೇ ದಿನಕ್ಕೆ ಗೊತ್ತುಮಾಡಿದ್ದ ಎತ್ತರದ ಸರೋವರ. ಅದರ ದಾರಿಯ ಬಯಲಲ್ಲಿ ಕಾಡುಕತ್ತೆಗಳು ಮೇಯುತ್ತವೆ, ಮೇಕೆ ಕಾಯುವ ಅಲೆಮಾರಿಗಳ ಗುಡಾರಗಳು ಸಿಗುತ್ತವೆ ಎಂದು ಓದಿದ್ದೆ. ಬ್ಯಾಗಿನಲ್ಲಿ ಒಂದು ನೋಟ್‌ಬುಕ್ಕು ಇಟ್ಟುಕೊಂಡಿದ್ದೆ.

ಲೇಹ್‌ನಲ್ಲಿ ವಿಮಾನ ಇಳಿದೊಡನೆ ನಮ್ಮ ಜೀಪಿನ ಚಾಲಕ ಕೈಮುಗಿದು ಹೇಳಿದ, ಎರಡು ದಿನ ಸುಮ್ಮನೆ ಮಲಗಿ, ನೀರು ಕುಡಿಯಿರಿ, ಮೈ ಈ ಎತ್ತರಕ್ಕೆ ಒಗ್ಗಬೇಕು ಅಂತ. ನಾವು ಮುಂದೆ ಇಳಿದುಕೊಳ್ಳಬೇಕಿದ್ದದ್ದು ಅವನ ಹಳ್ಳಿಯ ಮನೆಯಲ್ಲೇ.

"ಎರಡ್ ದಿನ ಮನೀಕಳಕ್ಕೆ ಇಲ್ಲೀಗಂಟ ಬರ್ಬೇಕಿತ್ತೇನ್ಲಾ? ನಮ್ಮೂರು ನಿಡಘಟ್ಟದಲ್ಲೇ ಮನೀಕಬೋದಿತ್ತು," ಎಂದರು ಭಾವ.

"ಊಂ ಕಣಣ್ಣ," ಎಂದರು ನಮ್ಮ ಯಜಮಾನರು. ಮದುವೆಯಾದಾಗಿನಿಂದ ನಾನು ಕೇಳಿಕೊಂಡು ಬಂದಿರುವ ಉತ್ತರ ಇದು. ಮಾರನೇ ಬೆಳಿಗ್ಗೆಯೇ ಇನ್ನೂ ಮೇಲಿನ ಹಳ್ಳಿಗೆ ಹೊರಟೆವು.

ಅದು ಮೇ ತಿಂಗಳ ಕೊನೆ. ಸುತ್ತ ಒಂದು ಹುಲ್ಲೂ ಇಲ್ಲದ ಬೋಳು ಬೆಟ್ಟಗಳು. ಮಳೆ ಮೋಡಗಳೆಲ್ಲ ಆಚೆ ಕಡೆಯ ಶಿಖರಗಳಲ್ಲೇ ನಿಂತುಬಿಡುತ್ತವಂತೆ. ಆ ಬೋಳಿನ ನಡುವೆ ಒಂದು ಹಿಡಿಯಷ್ಟು ಹಸಿರು: ಎಳೆ ಬಾರ್ಲಿ ಗದ್ದೆ, ಸಣ್ಣ ಎಲೆಯ ಜರ್ದಾಳು ಮರಗಳು. ಕರಗಿದ ಹಿಮದ ನೀರು ಕೈಯಗಲದ ಕಾಲುವೆಯಲ್ಲಿ ಬರುತ್ತಿತ್ತು. ಒಬ್ಬ ಮುದುಕ ಕಲ್ಲು, ಹುಲ್ಲುಹೆಂಟೆ ಸರಿಸಿ ಒಂದು ಗದ್ದೆಗೆ ಮುಚ್ಚಿ ಇನ್ನೊಂದಕ್ಕೆ ಬಿಡುತ್ತಿದ್ದ. ನಮ್ಮ ನೀರುಗಂಟಿಯ ಕೆಲಸವೇ. ನಾನು ಕಣ್ಣರಳಿಸಿ ನೋಡುತ್ತಿದ್ದೆ.

ಭಾವ ಅದರ ಮೇಲೆ ಕಾಲು ಚಾಚಿ ದಾಟಿದರು. "ಇದೂ ಒಂದ್ ಕಾಲ್ವೇನ್ಲಾ? ನಮ್ ನಾಲೇಲಿ ಎಮ್ಮೆ ಮೈ ಒದರುದ್ರೆ ಇದಕ್ಕಿಂತ ಜಾಸ್ತಿ ನೀರು ಬೀಳ್ತದೆ." ತಿರುಗಿ ಬೆಟ್ಟ ನೋಡಿದರು. "ನಮ್ ಮುತ್ತತ್ತಿ ಕಾಡಿನ್ ಮುಂದೆ ಇದೇನ್ ಬೆಟ್ಟ? ಬರೀ ಕಲ್ಲು."

ಸಂಜೆ ಮುದ್ದೆಯಾಗಬೇಕೆಂದರು. ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಬೇಕಾದಷ್ಟು ಬಿಸಿಯಾಗುವುದಿಲ್ಲ. ಹಿಟ್ಟು ಹಾಕಿ ಒಂದು ಗಂಟೆ ತಿರುವಿದೆ, ನನ್ನ ಉಸಿರೇ ಹೋಯಿತು. ಮುರಿದು ನೋಡಿದರೆ ಒಳಗೆ ಹಸಿ. ಚಾಲಕನ ತಾಯಿ, ನನ್ನ ಭುಜಕ್ಕೂ ಬಾರದ ಮುದುಕಿ, ಒಲೆಯ ಪಕ್ಕ ಕೂತು ಇದನ್ನೆಲ್ಲ ನೋಡಿದಳು. ಆಮೇಲೆ ತನ್ನ ಬಟ್ಟಲಿಗೆ ಹುರಿದ ಬಾರ್ಲಿ ಹಿಟ್ಟು ಹಾಕಿ, ಬೆಣ್ಣೆಯ ಚಹಾ ಸುರಿದು, ಬೆರಳಲ್ಲೇ ನಾದಿ ಉಂಡೆ ಮಾಡಿ ನನ್ನ ಕೈಗಿಟ್ಟಳು. ಏನೂ ಬೇಯದ ಊರಿನವರು ಮೊದಲೇ ಹುರಿದಿಟ್ಟುಕೊಂಡಿದ್ದಾರೆ. ಎಷ್ಟು ಬುದ್ಧಿ!

"ಥೂ, ಹಸೀ ಇಟ್ಟು ತಿಂತಾವ್ರೆ ನೋಡ್ಲಾ," ಎಂದು ಭಾವ ಮುಖ ತಿರುಗಿಸಿ, ನನ್ನ ಹಸಿ ಮುದ್ದೆಯನ್ನು ಎರಡು ನುಂಗಿದರು.

ಮಾರನೇ ಬೆಳಿಗ್ಗೆ ಅವರಿಗೆ ತಲೆನೋವು, ವಾಕರಿಕೆ, ನಾಲ್ಕು ಹೆಜ್ಜೆಗೆ ಏದುಸಿರು. ಎತ್ತರದ ಕಾಯಿಲೆ, ಕೆಳಗಿಳಿಯಿರಿ ಎಂದ ಚಾಲಕ. ಭಾವ ನನ್ನ ಕಡೆ ಕೈ ತೋರಿಸಿದರು. "ಯಾವ್ ಎತ್ರನೂ ಅಲ್ಲ. ಇಟ್ಟು ಬೆಂದಿಲ್ಲ ಕಣಮ್ಮ, ಅದೇ ಎದೇಲಿ ಕುಂತದೆ."

"ಊಂ ಕಣಣ್ಣ, ಅದೇ ಇರ್ಬೇಕು," ಎಂದರು ನಮ್ಮವರು.

ನಾನು ಜೀರಿಗೆ ಕಷಾಯ ಕಾಯಿಸಿಕೊಟ್ಟೆ. ಹಿಟ್ಟು ಅರಗಲಿ ಎಂದು ಅವರು ಊರ ಮೇಲಿನ ಮಠದ ಮೆಟ್ಟಿಲು ಹತ್ತಿದರು! ಹಿಂದಿರುಗಿದಾಗ ಕೂತಲ್ಲೂ ಉಸಿರು ಸಿಗದೆ ಕೆಮ್ಮುತ್ತಿದ್ದರು. ಮುದುಕಿ ಹತ್ತಿರ ಬಂದು ಅವರ ತುಟಿ ನೋಡಿದಳು. ನೇರಳೆ ಹಣ್ಣು ತಿಂದ ಬಣ್ಣ. ಮಗನಿಗೆ ಗದರಿ ಏನೋ ಅಂದಳು. ಐದು ನಿಮಿಷದಲ್ಲಿ ಅವನು ಭಾವನನ್ನು ಜೀಪಿನ ಹಿಂದಿನ ಸೀಟಿನಲ್ಲಿ ಒರಗಿಸಿ, ಪಕ್ಕದಲ್ಲಿ ತಮ್ಮನನ್ನು ಕೂರಿಸಿ ಕೆಳಗೆ ಲೇಹ್‌ನ ಆಸ್ಪತ್ರೆಗೆ ಹೊರಟೇಬಿಟ್ಟ. ನನ್ನನ್ನೂ ಗಂಟುಮೂಟೆಯನ್ನೂ ಬೆಳಿಗ್ಗೆ ಬಂದು ಕರೆದೊಯ್ಯುವುದೆಂದಾಯಿತು. ಇನ್ನು ಸರೋವರಕ್ಕೆ ಹೋಗುವಂತಿಲ್ಲ. ಜೀಪಿನ ಧೂಳು ನೋಡುತ್ತ ನಿಂತಾಗ ನನಗೆ ಭಾವನ ಮೇಲೆ ಕನಿಕರ ಬಂತು ಎಂದು ಬರೆದರೆ ಸುಳ್ಳಾಗುತ್ತದೆ.

ಬೆಳಗಾದ ಮೇಲೆ ಮುದುಕಿ ನನ್ನ ಸೆರಗು ಹಿಡಿದು ಮಾಳಿಗೆಗೆ ಕರೆದೊಯ್ದಳು. ಎದುರಿನ ಇಳಿಜಾರು ತೋರಿಸಿದಳು. ಬಂದ ದಿನ ನಾವೆಲ್ಲ ನೋಡಿದ್ದ ಅದೇ ಬೂದು ಕಲ್ಲುಗಳು. ಏನೂ ಕಾಣುತ್ತಿಲ್ಲವೆಂದು ನಾನು ತಲೆಯಾಡಿಸಿದೆ. ಅವಳು ನನ್ನ ಗಲ್ಲ ಹಿಡಿದು ಇನ್ನಷ್ಟು ಬಲಕ್ಕೆ ತಿರುಗಿಸಿದಳು. ಒಂದು ಕಲ್ಲು ಕಿವಿ ಅಲ್ಲಾಡಿಸಿತು. ಇನ್ನೊಂದು ಎದ್ದು ನಿಂತಿತು. ಬಾಗಿದ ಕೊಂಬು, ಕಾಲುಗಳ ಮುಂಭಾಗದಲ್ಲಿ ಕಪ್ಪು ಗೀಟು, ಬಿಳಿ ಹೊಟ್ಟೆ. ನೀಲಿ ಕುರಿ ಅಂತ ಅವಳ ಮಗ ಆಮೇಲೆ ಹೇಳಿದ. ಎಣಿಸುತ್ತ ಹೋದೆ, ಹದಿನೇಳು. ಮೊದಲ ದಿನದಿಂದಲೂ ಅಲ್ಲೇ ಇದ್ದಿರಬೇಕು. ಹಳದಿ ಕೊಕ್ಕಿನ ಕಾಗೆಗಳು ಅವುಗಳ ನಡುವೆ ಹಾರಿ ಕೂರುತ್ತಿದ್ದವು. ನೋಟ್‌ಬುಕ್ಕು ಕೆಳಗೇ ಇತ್ತು, ತರಲು ಇಳಿಯಲಿಲ್ಲ.

ಆಸ್ಪತ್ರೆಯಲ್ಲಿ ಭಾವ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದರು. ಇದು ಎತ್ತರದಿಂದ ಬಂದದ್ದು, ಇನ್ನೊಂದು ದಿನ ತಡವಾಗಿದ್ದರೆ ಜೀವಕ್ಕೇ ಅಪಾಯವಿತ್ತು ಎಂದು ಡಾಕ್ಟರು ಸ್ಪಷ್ಟವಾಗಿಯೇ ಹೇಳಿದರು. ಅವರು ಆಚೆ ಹೋಗುವುದನ್ನೇ ಕಾದು ಭಾವ ನಳಿಗೆ ಸರಿಸಿದರು. "ಚಿಕ್ಕುಡ್ಗ, ಅವ್ನಿಗೇನ್ ಗೊತ್ತು. ಇನ್ಮೇಲಾದ್ರೂ ಇಟ್ಟ ನೆಟ್ಗೆ ಬೇಯ್ಸವ್ವ."

ಊರಿಗೆ ಬಂದ ವಾರಕ್ಕೆ ಬಸರಾಳಿನಿಂದ ನೆಂಟರೊಬ್ಬರು ಭಾವನನ್ನು ನೋಡಲು ಬಂದರು. ಜಗಲಿಯ ಮೇಲೆ ಊಟಕ್ಕೆ ಕೂತ ಭಾವ ಇಡೀ ಹಿಮಾಲಯವನ್ನು ನಾಲ್ಕು ಮಾತಲ್ಲಿ ಮುಗಿಸಿದರು. "ಅಲ್ಲೇನದೆ? ಬರೀ ಕಲ್ಲು. ಓಗ್ಬ್ಯಾಡಿ. ಸಾಲ್ದು ಅಂತ ನನ್ ತಮ್ಮನ ಎಂಡ್ರು ಹಸೀ ಇಟ್ಟಿಕ್ಕಿ ನನ್ ಜೀವನೇ ತೆಗೀತಿದ್ಲು."

"ಊಂ," ಎಂದರು ನಮ್ಮ ಯಜಮಾನರು.

ನೆಂಟರು ನಕ್ಕು ನನ್ನ ಕಡೆ ತಿರುಗಿದರು. "ನೀನೇನ್ ನೋಡ್ದವ್ವ ಅಲ್ಲಿ?"

ನಾಲಿಗೆಯ ತುದಿಗೆ ಬಂದಿತ್ತು. ಹದಿನೇಳು, ಬಾಗಿದ ಕೊಂಬು, ಅಲ್ಲಾಡಿದ ಕಿವಿ. ಹೇಳಿದ್ದರೆ ಭಾವ, ನಮ್ಮ ಊರಿನ ಕುರಿಗಳ ಮುಂದೆ ಅವೇನು ಎನ್ನುತ್ತಿದ್ದರು. ಆ ಬಾಯಿಗೆ ನನ್ನ ಕುರಿಗಳನ್ನು ಕೊಡುವ ಮನಸ್ಸಾಗಲಿಲ್ಲ.

"ಕಲ್ಲೇ ಕಣಣ್ಣ," ಎಂದು ಭಾವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟೆ. ಚೆನ್ನಾಗಿ ಬೆಂದಿತ್ತು.