ಡಿಜೆ ಶೀತಲಳ ವಾರೆ ಕುತ್ತಿಗೆ

ಹೈದರಾಬಾದಿನಲ್ಲಿ ನೆಟ್ಟಗೆ ನಿಂತದ್ದು ಚಾರ್‌ಮಿನಾರಿನ ನಾಲ್ಕು ಮಿನಾರು, ವಾಲಿದ್ದು ಶೀತಲಳ ಕುತ್ತಿಗೆ. ಎರಡೂ ಸರಿಸಮಾನ ಕೀರ್ತಿ ಗಳಿಸಿದವು, ಕನಿಷ್ಠ ಬೇಗಂ ಬಜಾರಿನ ಒಂದು ಗಲ್ಲಿಯ ಮಟ್ಟಿಗೆ.

ಮೆಣಸಿನಕಾಯಿಯ ಸಗಟು ವ್ಯಾಪಾರಿ ಅಮರೇಶಪ್ಪನವರ ಈ ಒಬ್ಬಳೇ ಮಗಳು ಇಪ್ಪತ್ತೆರಡು ವರ್ಷ ಎಲ್ಲರ ಹಾಗೆ ನೆಟ್ಟಗೇ ಇದ್ದಳು. ಆಮೇಲೆ ತಲೆ ಬಲಕ್ಕೆ ವಾಲಿತು, ಕಿವಿ ಹೆಗಲಿಗೆ ತಾಗಿತು, ಅಲ್ಲೇ ಬಿಡಾರ ಹೂಡಿತು. ಉಣ್ಣುವಾಗಲೂ ಹಾಗೇ, ಮೆಟ್ರೋದಲ್ಲಿ ನಿಂತಾಗಲೂ ಹಾಗೇ. ಅವಳಿಗೆ ಮೂಸಿ ನದಿಯ ತಳದ ಸದ್ದು ಕೇಳುತ್ತದೆ ಎಂದು ಹಮಾಲರು ನಂಬಿದರು. ಗೋಣಿಚೀಲಕ್ಕೆ ಕಿವಿಗೊಟ್ಟೇ ಒಳಗಿರುವುದು ಬ್ಯಾಡಗಿಯೋ ಗುಂಟೂರೋ ಹೇಳುತ್ತಾಳೆ ಎಂದು ಎದುರಂಗಡಿಯ ಬೆಲ್ಲದ ವ್ಯಾಪಾರಿ ಆಣೆ ಮಾಡಿದ. ನೆರೆಮನೆಯ ಹಂಪಮ್ಮ ಮೂರು ಅಮಾವಾಸ್ಯೆ ದೃಷ್ಟಿ ತೆಗೆದಳು. ಮೆಣಸಿನಕಾಯಿ ಖರ್ಚಾಯಿತೇ ಹೊರತು ಕುತ್ತಿಗೆ ಜಗ್ಗಲಿಲ್ಲ. ಕನ್ಯೆ ನೋಡಲು ಬಂದ ಬೀದರಿನ ಹಿರಿಯರೊಬ್ಬರು, ಹುಡುಗಿ ಚಂದ ಇದ್ದಾಳೆ, ಆದರೆ ಗೋಡೆಯ ಮೇಲಿನ ಫೋಟೋ ಜಾರಿದ ಹಾಗೆ ಕಾಣುತ್ತಾಳೆ ಎಂದು ತೀರ್ಪು ಕೊಟ್ಟು ಅವಲಕ್ಕಿ ಮುಗಿಸಿ ಎದ್ದರು.

ಇದೆಲ್ಲ ಶುರುವಾದದ್ದು ಅಮೀರ್‌ಪೇಟೆಯಲ್ಲಿ. ಅಲ್ಲಿ ಕಲಿಸದ ವಿದ್ಯೆ ಇಲ್ಲ. ಬ್ರಹ್ಮದೇವರು ದಾರಿ ತಪ್ಪಿ ಬಂದರೂ ನಲವತ್ತೈದು ದಿನಗಳ ಸೃಷ್ಟಿ ಕೋರ್ಸಿಗೆ ಸೇರಿಸಿ, ಜೆರಾಕ್ಸ್ ನೋಟ್ಸ್ ಕೊಟ್ಟು ಕಳಿಸುವ ಬಡಾವಣೆ ಅದು. ಅಂಗಡಿಯ ಕಂಪ್ಯೂಟರಿಗೆ ಬೇಕಾದ ವಿದ್ಯೆ ಕಲಿತು ಬಾ ಎಂದು ಅಮರೇಶಪ್ಪನವರು ಮಗಳನ್ನು ಅಲ್ಲಿನ ಒಂದು ಕಟ್ಟಡದ ಮೂರನೇ ಮಹಡಿಗೆ ಕಳಿಸಿದ್ದರು. ಲಿಫ್ಟು ಮೂರರಲ್ಲಿ ನಿಲ್ಲದೆ ನಾಲ್ಕಕ್ಕೆ ಹೋಯಿತು. ವಿಧಿ ಯಾವ ವೇಷದಲ್ಲಿ ಬರುತ್ತದೆಂದು ಹೇಳಲಾಗದು.

ಬಾಗಿಲು ತೆರೆದಾಗ ನೆಲವೇ ಗುದ್ದುತ್ತಿತ್ತು. ಅದು ಮಿಲಿಂದ ಸರ್ ನಡೆಸುವ ಡಿಜೆ ಶಾಲೆ. ಒಂದು ಹಾಡು ಮುಗಿಯದೆ ಇನ್ನೊಂದರೊಳಗೆ ಕರಗುವುದನ್ನು ಶೀತಲ ಬಾಗಿಲಲ್ಲೇ ನಿಂತು ಕೇಳಿದಳು. ಕೆಳಗೆ ಇಳಿಯುವುದು ಮರೆತೇ ಹೋಯಿತು. ಅಂದೇ ಸಂಜೆ ಅಪ್ಪನ ಮುಂದೆ ನಿಂತು, ನಾನು ನಾಲ್ಕನೇ ಮಹಡಿಗೇ ಹೋಗುತ್ತೇನೆ ಎಂದಳು.

ಅಮರೇಶಪ್ಪನವರು ಸಿಟ್ಟಾಗಲಿಲ್ಲ. ವ್ಯಾಪಾರಿ ಮನುಷ್ಯ, ಕರಾರು ಹಾಕಿದರು. ಇನ್ನು ಮೂರು ತಿಂಗಳಿಗೆ ಕನ್ನಡಿಗರ ಸಂಘದ ವಾರ್ಷಿಕ ಸಭೆ ಇತ್ತು. ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಬಂದು ನೆಲೆಸಿದ ಇನ್ನೂರು ಜನ ಸೇರುವ ಸಭೆ.

"ನಮ್ಮ ಮಂದಿ ಕುರ್ಚಿ ಬಿಟ್ಟು ಏಳೂದು ಒಂದ ಕಾರಣಕ್ಕ, ಊಟಕ್ಕ," ಎಂದರು. "ಊಟಕ್ಕ ಕರಿಯೂಕಿಂತ ಮೊದಲ ಅವರನ್ನ ಎಬ್ಬಿಸಿದಿ ಅಂದ್ರ ನಿನ್ನ ಡಿಜೆ ನಡೀಲಿ. ಇಲ್ಲಂದ್ರ ಮರುದಿನದಿಂದ ಅಂಗಡಿ ಗಾದಿ ಮ್ಯಾಲ ಕೂಡು."

ಶೀತಲ ಕೋಠಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ಹೆಡ್‌ಫೋನ್ ಹುಡುಕಿ ತಂದು ಸಮರಕ್ಕೆ ಇಳಿದಳು. ಉಣ್ಣುವಾಗಲೂ ಮೆಟ್ರೋದಲ್ಲೂ ಅದು ಅವಳ ಕಿವಿ ಬಿಡಲಿಲ್ಲ.

ಡಿಜೆ ಎಂದರೆ ಒಂದು ಹಾಡು ನಿಲ್ಲಿಸಿ ಇನ್ನೊಂದು ಹಚ್ಚುವುದಲ್ಲ. ಮೊದಲ ಹಾಡಿಗೆ ಜನ ಕುಣಿಯುತ್ತಿರುವಾಗಲೇ ಮುಂದಿನದನ್ನು ಹೆಡ್‌ಫೋನಿನಲ್ಲಿ ಒಂದು ಕಿವಿಗೆ ಮಾತ್ರ ಗುಟ್ಟಾಗಿ ಹಾಕಿಕೊಂಡು, ಅದರ ವೇಗ ಚೂರು ಏರಿಸಿ, ಚೂರು ಇಳಿಸಿ, ಎರಡರ ಬಡಿತ ಒಂದಾದ ಕ್ಷಣ ಹೊರಗೆ ಬಿಡಬೇಕು. ಈ ಕೆಲಸವನ್ನು ತಾನೇ ಮಾಡಿಕೊಡುವ ಒಂದು ಗುಂಡಿ ಯಂತ್ರದಲ್ಲಿದೆ. ಮಿಲಿಂದ ಸರ್ ಅದರ ಮೇಲೆ ಬ್ಯಾಂಡೇಜು ಅಂಟಿಸಿ, ವೇಗ ತೋರಿಸುವ ಪರದೆಗೆ ಟವೆಲ್ ಹೊದಿಸಿದ್ದರು. ಕಣ್ಣಿನಿಂದ ಕೇಳುವವರು ಗಡಿಯಾರ ರಿಪೇರಿಗೆ ಹೋಗಲಿ ಎನ್ನುವುದು ಅವರ ಸಿದ್ಧಾಂತ.

ಆರು ವಾರ ಶೀತಲಳ ಎರಡು ಹಾಡುಗಳು ಡಾಂಬರಿನ ಮೇಲೆ ಬೆದರಿದ ಎರಡು ಜಟಕಾ ಕುದುರೆಗಳ ಹಾಗೆ ಓಡಿದವು. ತಾಳ ತಪ್ಪಿತೆಂದರೆ ಸಾಕು, ಅವಳು ಎಲ್ಲ ನಿಲ್ಲಿಸಿ ಮೊದಲಿನಿಂದ ಶುರು ಮಾಡುವಳು. ಮತ್ತೆ ತಪ್ಪುವುದು, ಮತ್ತೆ ನಿಲ್ಲಿಸುವಳು. ಮೇಲಿನ ಮಹಡಿಯ ಇಂಗ್ಲಿಷ್ ಕ್ಲಾಸಿನವರು ಕೂಡ ಅವಳ ಜೊತೆ ವಾಕ್ಯ ಅರ್ಧಕ್ಕೆ ನಿಲ್ಲಿಸುವುದನ್ನು ಕಲಿತರು.

ಜ್ಞಾನೋದಯವಾದದ್ದು ಬೋಧಿವೃಕ್ಷದ ಕೆಳಗಲ್ಲ, ಅಡುಗೆಮನೆಯಲ್ಲಿ. ಅಮರೇಶಪ್ಪನವರ ತಾಯಿ ಅಂಬವ್ವ ಮತ್ತು ಹಂಪಮ್ಮ ಎದುರುಬದುರು ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಪಟ ಪಟ ಸದ್ದು ಬೇರೆಯಾಗುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನಾಗಿ ಒಂದಾಗುತ್ತಿತ್ತು. ಬಾಗಿಲಲ್ಲಿ ಶೀತಲಳ ತಲೆ ವಾಲಿತು.

"ಆಯಿ, ಇಬ್ಬರದೂ ಹೆಂಗ ಕೂಡತೈತಿ?"

"ನನ್ನ ಕೈ ನನಗ ಗೊತ್ತೈತಿ, ಅದನ್ನೇನ ಕೇಳೂದು?" ಎಂದಳು ಅಂಬವ್ವ ಕೈ ನಿಲ್ಲಿಸದೆ. "ಈಕೀದು ಕೇಳ್ತೀನಿ. ಈಕಿ ಮುಂದ ಓಡಿದ್ರ ನಾ ಚೂರು ಅವಸರ ಮಾಡ್ತೀನಿ. ನಿಂದರಬಾರದು ನೋಡು, ನಿಂತ್ರ ರೊಟ್ಟಿ ಹರೀತೈತಿ."

"ನಾ ಎಲ್ಲಿ ಓಡ್ತೀನಿ? ನೀನ ಮುದಕಿ ಆಗೀದಿ," ಎಂದಳು ಹಂಪಮ್ಮ.

ಮರುದಿನದಿಂದ ಶೀತಲ ನಿಲ್ಲಿಸುವುದನ್ನು ನಿಲ್ಲಿಸಿದಳು. ಹತ್ತು ದಿನಕ್ಕೆ ಕುದುರೆಗಳು ಹೆಜ್ಜೆ ಕೂಡಿಸಿದವು. ಮಿಲಿಂದ ಸರ್ ಮೊದಲ ಬಾರಿಗೆ ಅವಳ ಹಾಡಿಗೆ ಚಹಾದ ಕಪ್ಪು ಕೆಳಗಿಟ್ಟು ತಲೆದೂಗಿದರು.

ಸಭೆಯ ಭಾನುವಾರ ಬಂತು. ಹಿಮಾಯತ್‌ನಗರದ ಸಭಾಂಗಣ, ಇನ್ನೂರು ಪ್ಲಾಸ್ಟಿಕ್ ಕುರ್ಚಿ, ಅವುಗಳಲ್ಲಿ ಅಲುಗದ ಇನ್ನೂರು ಬೆಟ್ಟ. ಹನ್ನೆರಡಕ್ಕೆ ಶೀತಲ ಮೊದಲ ಹಾಡು ಬಿಟ್ಟಳು. ಒಬ್ಬರು ಕೈ ಎತ್ತಿದರು, ನೊಣ ಓಡಿಸಲು. ಎರಡನೆಯದಕ್ಕೆ ಮುಂದಿನ ಸಾಲಿನ ಕಾಕಾ ಕಣ್ಣು ಮುಚ್ಚಿ ತಲೆ ತೂಗಿದರು, ಆಮೇಲೆ ಗೊರಕೆ ಕೇಳಿತು. ಹನ್ನೆರಡೂ ಮುಕ್ಕಾಲಿಗೆ ಹೋಳಿಗೆಯ ವಾಸನೆ ಹೊರಟಿತು. ಇನ್ನೂರು ಜೋಡಿ ಕಣ್ಣು ಅಡುಗೆಮನೆಯ ಬಾಗಿಲಿಗೆ ತಿರುಗಿದವು.

ಆಗ ಹೊರಗೆ ಸಿಡಿಲು ಬಿದ್ದಂತಾಯಿತು. ಅಧ್ಯಕ್ಷ ಉಪೇಂದ್ರ ಅವರನ್ನು ಸ್ವಾಗತಿಸಲು ಹತ್ತು ಗಂಟೆಗೆ ಕರೆಸಿದ್ದ, ಹಲಗೆ ಬಡಿಯುವ ಡಪ್ಪಿನ ತಂಡ ಈಗ ಬಂದಿತ್ತು. ಅಧ್ಯಕ್ಷರು ಯಾವಾಗಲೋ ಬಂದು ಕೂತಿದ್ದಾರೆಂದು ಅವರಿಗೆ ಹೇಳುವವರಿರಲಿಲ್ಲ. ಆರು ಜನ ಮೆರವಣಿಗೆ ಕುಣಿತದ ತೀನ್‌ಮಾರ್ ತಾಳ ಬಾರಿಸುತ್ತ ಒಳಗೇ ನುಗ್ಗಿದರು. ಅವರ ತಾಳ ಒಂದು ಕಡೆ, ಶೀತಲಳ ಹಾಡು ಒಂದು ಕಡೆ. ಬೆದರಿದ ಕುದುರೆಗಳು ಮತ್ತೆ ಬಂದವು. ಅಮರೇಶಪ್ಪನವರ ಮುಖದಲ್ಲಿ ಅಂಗಡಿಯ ಗಾದಿ ಸ್ಪಷ್ಟವಾಗಿ ಕಾಣಿಸಿತು.

ಶೀತಲಳ ಬೆರಳು ನಿಲ್ಲಿಸುವ ಗುಂಡಿಗೆ ಹೋಯಿತು. ನಿಂತರೆ ರೊಟ್ಟಿ ಹರಿಯುತ್ತದೆ.

ಬೆರಳು ಹಿಂದೆ ಬಂತು. ತಲೆ ವಾಲಿತು. ಬಲಗಿವಿಯಲ್ಲಿ ಹೊಸ ಹಾಡು, ಎಡಗಿವಿಯಲ್ಲಿ ಡಪ್ಪು. ಡಪ್ಪಿನವರು ಯಂತ್ರವಲ್ಲ, ಹುಮ್ಮಸ್ಸು ಏರಿದಂತೆ ವೇಗವೂ ಏರುತ್ತಿತ್ತು. ಅವಳು ಚೂರು ಏರಿಸಿದಳು, ಅವರು ಓಡಿದರು, ಮತ್ತೆ ಚೂರು ಏರಿಸಿದಳು. ಇಗೋ ಹತ್ತಿರ, ಇಗೋ ಇನ್ನೂ ಹತ್ತಿರ. ಬಿಟ್ಟಳು.

ಡಪ್ಪೂ ಹಾಡೂ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಳಿದಂತೆ ಒಂದರೊಳಗೊಂದು ಇಳಿದವು. ತಂಡದ ಮುಖ್ಯಸ್ಥ ಬೆಚ್ಚಿ ವೇದಿಕೆ ನೋಡಿ ಹಲ್ಲು ಕಿರಿದ. ಮೊದಲು ಎದ್ದವಳು ಹಂಪಮ್ಮ, ಗಾಳಿಯಲ್ಲಿ ರೊಟ್ಟಿ ಬಡಿಯುತ್ತ. ಅವಳಿಗೆ ಸೋಲಬಾರದೆಂದು ಅಂಬವ್ವ ಎದ್ದಳು. ಆಮೇಲೆ ಸಾಲಿಗೆ ಸಾಲೇ ಎದ್ದಿತು, ಗೊರಕೆಯ ಕಾಕಾ ಸಮೇತ. ಅಡುಗೆಯವನು ಸೌಟು ಹಿಡಿದು ಬಂದು ಎರಡು ಸಲ ಊಟಕ್ಕೆ ಕರೆದ. ಯಾರಿಗೂ ಕೇಳಿಸಲಿಲ್ಲ. ಮೂರನೆಯ ಸಲ ಕರೆಯಲಿಲ್ಲ, ಅವನೂ ಕುಣಿಯುತ್ತಿದ್ದ.

ಸದ್ದು ಇಳಿದ ಮೇಲೆ ಅಮರೇಶಪ್ಪನವರು ಬೆವರು ಒರೆಸಿಕೊಳ್ಳುತ್ತ ಬಂದರು.

"ನಾಳೆ ಅಂಗಡಿಗೆ ಬರಬ್ಯಾಡವ್ವ," ಎಂದರು. "ಅಲ್ಲಿ ಚೀಲ ಕುಣಿಯಾಕ ಹತ್ತಿದ್ರ ಹಮಾಲರು ನನ್ನ ಬೈತಾರ."

ಅಷ್ಟರಲ್ಲಿ ಉಪೇಂದ್ರ ಅವರು ಮೈಕು ಹಿಡಿದಿದ್ದರು. ಈ ಮಗಳ ತಲೆ ಸುಮ್ಮನೆ ವಾಲಿದ್ದಲ್ಲ, ನಾದದ ಭಾರಕ್ಕೆ ಬಾಗಿದ್ದು, ನಮಗೆ ಕೇಳದ ಯಾವುದೋ ಲೋಕದ ಧ್ವನಿ ಆಕೆಗೆ ಕೇಳುತ್ತದೆ ಎಂದು ಹತ್ತು ನಿಮಿಷ ಮಾತಾಡಿ, ಮೈಕನ್ನು ಅವಳ ಬಾಯಿಗೆ ಹಿಡಿದರು. "ಹೇಳವ್ವಾ, ಹಂಗ ತಲಿ ವಾಲಿಸಿದಾಗ ನಿನಗ ಏನ ಕೇಳಸ್ತೈತಿ?"

ಇನ್ನೂರು ಜನ ವೇದಿಕೆಯ ಹತ್ತಿರ ಒತ್ತಿಕೊಂಡು ಬಂದರು.

"ಹಂಗೇನಿಲ್ರಿ ಕಾಕಾ," ಎಂದಳು ಶೀತಲ. "ಹೆಡ್‌ಫೋನಿನ ವೈರ್ ಲೂಸ್ ಐತ್ರಿ. ಹೆಗಲಿಗೆ ಒತ್ತಿ ಹಿಡದ್ರ ಅಷ್ಟ ಹಾಡು ಕೇಳಸ್ತೈತಿ."