ಬಲಮಗ್ಗುಲು ಮೇಲೆ ಕಟ್ಟಿದ ಜಪಾನಿ ನಿಲುವಂಗಿ

ಇವತ್ತು ನನ್ನ ಮಾನ ಉಳಿಸಿದ್ದು ಒಬ್ಬ ಜಪಾನಿ ಅಜ್ಜಿ, ಗೆಳೆಯರೇ. ನಮ್ಮ ಜಪಾನಿ ಭಾಷಾ ಕ್ಲಾಸಿನವರೆಲ್ಲ ಕುವೈತಿನ ಜಪಾನಿಯರ ಬೊನ್ ಹಬ್ಬದ ಕುಣಿತಕ್ಕೆ ಹೋಗಿದ್ದೆವು. ಜಾಬ್ರಿಯಾದಲ್ಲಿ ನರ್ಸ್ ಆಗಿರುವ ನಾನು, ಯೂನಿಫಾರ್ಮ್ ಕೋಟು ಹಾಕುವ ರೂಢಿಯಲ್ಲೇ ಅವರ ಹತ್ತಿಯ ನಿಲುವಂಗಿಯನ್ನೂ ಬಲಮಗ್ಗುಲು ಮೇಲೆ ಬರುವಂತೆ ಕಟ್ಟಿಕೊಂಡಿದ್ದೆ. ಕುಣಿಯುತ್ತಿದ್ದ ಅಜ್ಜಿ ನೋಡಿದವರೇ ಕೈಹಿಡಿದು ಪರದೆಯ ಹಿಂದೆ ಕರೆದೊಯ್ದರು. ಎಡಮಗ್ಗುಲು ಮೇಲೆ ತಂದು ಕಟ್ಟಿ, ನನಗೇ ತಲೆಬಾಗಿ, ತಾಳ ತಪ್ಪದೆ ಮತ್ತೆ ಕುಣಿತಕ್ಕೆ ಸೇರಿಕೊಂಡರು. ಅಬ್ಬ, ಆ ನಾಜೂಕು! ಬಲಮಗ್ಗುಲು ಮೇಲೆ ಕಟ್ಟುವುದು ಹೆಣಕ್ಕೆ ಮಾತ್ರ ಎಂದು ಟೀಚರ್ ಆಮೇಲೆ ಹೇಳಿದರು. ರುಮೈಥಿಯಾದಲ್ಲಿ ಅಂಗಡಿ ಇಟ್ಟಿರುವ ಸಹಪಾಠಿ ಹಮೀದ್ ಭಾಯಿಗೆ ನಗು ತಡೆಯಲಾಗಲಿಲ್ಲ: "ಈ ಕುಣಿತ ತೀರಿಹೋದವರನ್ನು ಕರೀಲಿಕ್ಕಂತೆ ಸಿಸ್ಟರ್. ಕರೆದ ಕೂಡ್ಲೇ ಬಂದದ್ದು ನೀವೊಬ್ರೇ ಮಾರಾಯ್ರೆ!"