ಅಟ್ಟವಿಲ್ಲದ ರತ್ನಕ್ಕ

ರತ್ನಕ್ಕನ ನರಗಳು ಚರ್ಮದ ಮೇಲೇ ಇದ್ದ ಹಾಗಿದ್ದವು. ಮಣಿಕಟ್ಟಿನಿಂದ ಮೊಣಕೈವರೆಗೂ ಹಗ್ಗ ಬಿಗಿದಂತೆ ಎದ್ದು ಕಾಣುತ್ತಿದ್ದವು. ಮುಖ ಮಾತ್ರ ದುಂಡಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಚುಚ್ಚಿ ಆಕೆ ತಿರುವಿದರೆ ಸಿಪ್ಪೆ ತಾನಾಗಿ ಬಾಯಿ ಬಿಡುತ್ತಿತ್ತು. ಹಾಲ್ಕುರಿಕೆಯಲ್ಲಿ ಅವರದು ನಮ್ಮ ಪಕ್ಕದ ಮನೆ. ಗೋಡೆಯ ಈಚೆಯಿಂದ ನಮ್ಮಪ್ಪ, "ಏನ್ ಪೈಲ್ವಾನಮ್ಮ, ಗರಡಿ ಮುಗೀತಾ?" ಅನ್ನುವುದು. "ಬನ್ನಿ ಅಣ್ಣ, ಒಂದ್ ಪಟ್ಟು ಹಾಕ್ತೀನಿ" ಎಂದು ಆಕೆ ಅನ್ನುವುದು.

ಆಕೆಯ ಅತ್ತೆ ಗೌರಜ್ಜಿಗೆ ಆ ಕೈ ಕಂಡರೆ ಸಂಕಟ. "ಊರೋರೇನಂತಾರೆ? ಸೊಸೆಗೆ ಅನ್ನ ಇಕ್ಕಾಕಿಲ್ಲ ಅಂತಾರೆ." ಅಟ್ಟದ ಮೇಲೆ ವರ್ಷ ಒಣಗಿದ ಕಾಯಿಯನ್ನು ತಾನೇ ಒಡೆದು, ಒಳಗಿನ ಉಂಡೆ ಕೊಬ್ಬರಿಗೆ ಬೆಲ್ಲ ಸೇರಿಸಿ, ಸೊಸೆ ಕೆಲಸ ಮಾಡುತ್ತಿದ್ದಲ್ಲಿಗೇ ಬಂದು ಬಾಯಿಗೆ ಇಡುತ್ತಿತ್ತು. ರತ್ನಕ್ಕ ತಿಂದು ನನ್ನ ಕಡೆ ನೋಡಿ ನಗುತ್ತಿದ್ದಳು. "ನನ್ ಮೈಗೆ ಏನೂ ಅಂಟಾಕಿಲ್ಲ ಕಣ್ಲಾ ಸೀನ."

ಒಂದು ದಿನ ಹೊಟ್ಟೆನೋವು ಎಂದು ಅಂಗಳದಲ್ಲೇ ಮುದುಡಿಕೊಂಡಳು. ತುಮಕೂರಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಅಲ್ಲಿ ರಕ್ತ ತೆಗೆದರು. ಕೊಳವೆಯಲ್ಲಿ ಸ್ವಲ್ಪ ಹೊತ್ತು ನಿಂತಮೇಲೆ ಮೇಲುಗಡೆ ಬೆಳ್ಳಗಾಯಿತು. ಥೇಟ್ ಕಾಯಿಹಾಲು. ರತ್ನಕ್ಕ ನೋವಿನಲ್ಲೂ ಬಗ್ಗಿ ನೋಡಿ, "ತೆಂಗಿನ ಸೀಮೆಯೋಳು ಅಂತ ಇಲ್ಲೂ ಗೊತ್ತಾಗೋಯ್ತು ಬುಡು" ಅಂದಳು. ಆ ಬಿಳಿ ಕೊಬ್ಬು, ಹೊಟ್ಟೆನೋವು ಅದರಿಂದಲೇ, ಹೆಚ್ಚಾದರೆ ಜೀವಕ್ಕೇ ಅಪಾಯ ಎಂದ ಡಾಕ್ಟರು ಜೀನ್ ಪರೀಕ್ಷೆಗೆಂದು ದೊಡ್ಡಾಸ್ಪತ್ರೆಗೂ ರಕ್ತ ಕಳಿಸಿದರು.

ನಾನು ಓದಿದ್ದು ಕಾಮರ್ಸ್. ಜೀನುಗಳ ಹುಚ್ಚು ಹತ್ತಿದ್ದು ಫೋನಿನಲ್ಲಿ, ಒಂದು ವಿಡಿಯೋದಿಂದ ಇನ್ನೊಂದಕ್ಕೆ ಹೋಗುತ್ತಾ. ಹಾಗಾಗಿ ದೊಡ್ಡಾಸ್ಪತ್ರೆಯಿಂದ ಜೀನ್ ಪರೀಕ್ಷೆಯ ಫಲಿತಾಂಶ ಬಂದಾಗ, ನಿಜ ಹೇಳಬೇಕೆಂದರೆ, ನನಗೆ ಒಂಥರಾ ಸಂಭ್ರಮ. ನಾನು ಓದಿಕೊಂಡಿದ್ದ ಜೀನೇ ಅದು, ಪಿಪಿಎಆರ್ ಗ್ಯಾಮಾ. ಅಂಗಳದಲ್ಲಿ ಕೂತು ಆಕೆಗೆ ವಿವರಿಸಿದೆ. ನಮ್ಮ ಮೈಯ ಕೋಶಗಳಲ್ಲೆಲ್ಲ ಇರುವುದು ಒಂದೇ ಪುಸ್ತಕ. ಯಾವ ಕೋಶ ಯಾವ ಪುಟ ಓದಬೇಕು ಅನ್ನುವುದಕ್ಕೆ ಸ್ವಿಚ್ಚುಗಳಿವೆ. ಎಳೆಯ ಕೋಶಕ್ಕೆ ನೀನು ಕೊಬ್ಬಿನ ಕೋಶವಾಗು, ಎಣ್ಣೆಯಂಶ ಬಂದರೆ ಜೋಪಾನವಾಗಿ ತುಂಬಿಟ್ಟುಕೋ ಎಂದು ಹೇಳುವುದು ಈ ಒಂದು ಸ್ವಿಚ್ಚು. ಅದು ನಿನ್ನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೈಕಾಲಲ್ಲಿ ಕೊಬ್ಬು ಕೂರುವ ಜಾಗವೇ ಆಗಲಿಲ್ಲ. ಅಟ್ಟವಿಲ್ಲದ ಮನೆಗೆ ಗಾಡಿಗಟ್ಟಲೆ ಕಾಯಿ ಬಂದರೆ ಏನಾಗುತ್ತೆ? ನಡುಮನೆ, ಅಡುಗೆಮನೆ, ಬಾಗಿಲು ಎಲ್ಲ ಕಡೆ ಬಿದ್ದು ಕೊಳೆಯುತ್ತೆ. ಹಾಗೆ ಕೊಬ್ಬು ರಕ್ತಕ್ಕೂ ಲಿವರಿಗೂ ನುಗ್ಗಿದೆ.

ಆಕೆ ಗಮನವಿಟ್ಟು ಕೇಳಿದಳು. "ಆ ಸ್ವಿಚ್ ರಿಪೇರಿ ಮಾಡಾಕಾಗ್ತದಾ?"

"ಇಲ್ಲಕ್ಕ. ಮಾತ್ರೆ ಐತೆ. ಕೊಬ್ಬರಿ, ತುಪ್ಪ ಬಿಡಬೇಕು."

"ಪವಿತ್ರಂಗೂ ಬತ್ತದಾ?"

ಪವಿತ್ರ ಆಕೆಯ ಒಬ್ಬಳೇ ಮಗಳು, ಮಾಯಸಂದ್ರಕ್ಕೆ ಕೊಟ್ಟಿದ್ದರು. ಬರಬಹುದು, ಬರದೆಯೂ ಇರಬಹುದು, ಅರ್ಧಕ್ಕರ್ಧ ಅಂದೆ. ರತ್ನಕ್ಕ ತನ್ನ ಮುಂಗೈ ನೇವರಿಸಿಕೊಂಡಳು. "ಈಗ್ಲೇ ಯಾರ್ಗೂ ಅನ್ಬ್ಯಾಡ. ಗಂಡನ ಮನೇಲಿ ಗೊತ್ತಾದ್ರೆ ಅವ್ಳನ್ನ ಬೇರೆ ಥರ ನೋಡ್ತಾರೆ."

ಕೊಬ್ಬರಿ ಬಿಡಬೇಕಂತೆ ಎಂದರೆ ಗೌರಜ್ಜಿ ನಂಬಲಿಲ್ಲ. "ಮೂಳೆ ಕಾಣೋಳಿಗೆ ಕೊಬ್ಬು ಜಾಸ್ತಿ ಅಂತಾನಲ್ಲ ಆ ಡಾಕ್ಟ್ರು, ಕಣ್ ನೆಟ್ಗಿಲ್ವಾ ಅವ್ನಿಗೆ?" ಎಂದು ಮತ್ತೆ ಬಾಯಿಗೇ ಇಟ್ಟಿತು. ನಾನು ರೇಗಿದರೆ ರತ್ನಕ್ಕ, "ತಾಯಿಗಿಂತ ಹೆಚ್ಚಾಗಿ ನೋಡ್ಕಂಡೈತೆ ಕಣ್ಲಾ. ಆ ಕೈ ಹೆಂಗ್ ತಳ್ಳಲಿ?" ಅನ್ನುತ್ತಿದ್ದಳು.

ಆಕೆಯನ್ನು ನಾನು ಕೊನೆಗೆ ನೋಡಿದ್ದು ತಿಪಟೂರಿನ ಆಸ್ಪತ್ರೆಯಲ್ಲಿ, ಮತ್ತೆ ಅದೇ ನೋವು ಬಂದಾಗ. ಡ್ರಿಪ್ ಹಾಕಲು ಬಂದ ನರ್ಸು, "ನಿಮ್ ಕೈ ಎಷ್ಟು ಸುಲಭ ಕಣ್ರೀ, ನರ ಹುಡುಕೋದೇ ಬೇಡ" ಅಂದಳು. "ಇಷ್ಟಕ್ಕಾದ್ರೂ ಬಂತಲ್ಲ" ಅಂದಳು ರತ್ನಕ್ಕ. ಆಮೇಲೆ ನನ್ನನ್ನು ಹತ್ತಿರ ಕರೆದು, "ಪವಿತ್ರಂಗೆ ನೀನೇ ಹೇಳು. ಅಟ್ಟದ್ ಕಥೆ ಹೇಳು, ಅರ್ಥ ಆಯ್ತದೆ" ಅಂದಳು. ಮಾರನೇ ದಿನ ಹೋಗಿಬಿಟ್ಟಳು.

ಹೇಳಿದೆ. ಪವಿತ್ರ ಆಗ ಬಸುರಿ. ಪರೀಕ್ಷೆ ಹೆರಿಗೆ ಆದಮೇಲೆ ನೋಡೋಣ ಅಂದಳು. ಈಗ ಬಾಣಂತನಕ್ಕೆ ಬಂದಿದ್ದಾಳೆ. ನಿನ್ನೆ ಹೋದಾಗ ಗೌರಜ್ಜಿ ಕೊಬ್ಬರಿ ತುರಿದು, ತುಪ್ಪದಲ್ಲಿ ಹುರಿದು ಬಾಣಂತಿಗೆ ಅಂಟಿನುಂಡೆ ಕಟ್ಟುತ್ತಿತ್ತು. ಬೇಡಜ್ಜಿ ಅಂದೆ.

"ತಾಯಿ ಇಲ್ದಿರೋ ಮಗಾನ ಉಪಾಸ ಕೆಡವಾಕೆ ಬಂದಿದ್ದೀಯೇನ್ಲಾ?"

ಪವಿತ್ರ ನನಗೆ ಮಾತ್ರ ಕೇಳುವ ಹಾಗೆ, "ಬಿಡಣ್ಣ. ಅಮ್ಮ ಹೋದ್ಮೇಲೆ ಅಜ್ಜಿ ನಾನ್ ತಿಂದ್ರೇನೇ ತಾನೂ ಉಣ್ಣೋದು" ಎಂದು ಕೈ ಚಾಚಿದಳು. ಬಳೆ ಹಿಂದಕ್ಕೆ ಜಾರಿತು. ಮಣಿಕಟ್ಟಿನಿಂದ ಮೊಣಕೈವರೆಗೂ ಹಗ್ಗ ಬಿಗಿದಿತ್ತು.

ಗೌರಜ್ಜಿ ಆ ಕೈ ಹಿಡಿದು ನನಗೆ ತೋರಿಸಿತು. ತಿಂಗಳುಗಳ ಮೇಲೆ ಅದರ ಮುಖದಲ್ಲಿ ನಗು. "ನೋಡ್ಲಾ ಸೀನ, ಅವ್ಳದೇ ಕೈ ಬಂದೈತೆ." ಇನ್ನೊಂದು ಉಂಡೆ ಎತ್ತಿ ಆ ಅಂಗೈಯಲ್ಲಿಟ್ಟು ಬೆರಳು ಮಡಚಿತು.